ನೋವು ನಿಂತ ನಾಲ್ಕನೆಯ ವಾರ

ಹೆಗಲು ನೋಯುತ್ತದೆಂದು ಬಂದವರಿಗೆ ವಯಸ್ಸಾಯಿತು, ಎಣ್ಣೆ ತಿಕ್ಕಿಕೊಳ್ಳಿ ಎಂದು ಹೇಳಿ ಕಳಿಸುತ್ತಿದ್ದ ಕಾಲವೊಂದಿತ್ತು. ಮಾಂಸವನ್ನು ಮೂಳೆಗೆ ಬಿಗಿಯುವ ಬಿಳಿಯ ಪಟ್ಟಿ, ಸ್ನಾಯುರಜ್ಜು, ಹರಿದಿರಬಹುದೆಂದು ಆಗಲೇ ಗುರುತಿಸಿ, ಅದನ್ನು ಮರಳಿ ಮೂಳೆಗೆ ಹೊಲಿಯುವ ವಿದ್ಯೆಯನ್ನು ನಮ್ಮ ಆಸ್ಪತ್ರೆಗೆ ತಂದವರು ಡಾಕ್ಟರಮ್ಮನವರು. ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಅವರನ್ನು ರೋಗಿಗಳು ಪ್ರೀತಿಯಿಂದ ಕರೆಯುವುದು ‘ಹೆಗಲಮ್ಮ’ ಎಂದು. ಈ ಅಭಿನಂದನಾ ಸಂಪುಟಕ್ಕೆ ಒಪ್ಪಿಗೆ ಕೇಳಲು ಹೋದ ನಮಗೆ ಅವರು ಹೇಳಿದ್ದಿಷ್ಟೇ: “ಬರೀರಿ, ಬೇಡ ಅನ್ನಲ್ಲ. ಆದ್ರೆ ಕಟಿಂಗ್ ಅಂಗಡಿಯವರ ವಿಷಯ ಬಿಟ್ಟು ಬರೆದ್ರೆ ಆ ಪುಸ್ತಕ ನಾನು ಮುಟ್ಟಲ್ಲ.” ಆದ್ದರಿಂದ ಅಭಿನಂದನೆಯ ಮಾತಿನ ನಡುವೆ ಅಳುವಿನ ಮಾತೂ ಬಂದರೆ ಓದುಗರು ಮನ್ನಿಸಬೇಕು.

ಸೇವೆಗೆ ಸೇರಿದ ಮೊದಲ ವರ್ಷಗಳಲ್ಲಿ ಅವರಿಗಿದ್ದುದು ಕಿಟಕಿಯಿಲ್ಲದ ಒಂದು ಕೋಣೆ, ಅಲುಗಾಡುವ ಒಂದು ಮೇಜು. ಆಪರೇಷನ್ ಆದವರು ಆರು ವಾರ ಕೈಯನ್ನು ಜೋಳಿಗೆಪಟ್ಟಿಯಲ್ಲಿ ಇಳಿಬಿಟ್ಟು, ಮಲಗಲಾಗದೆ, ಕೂತೇ ನಿದ್ದೆ ಮಾಡಬೇಕು. ಹಾಗೆ ಒರಗಿ ಕೂರಲು ಮನೆಯಲ್ಲಿ ಕುರ್ಚಿಯಿಲ್ಲವೆಂದ ಒಬ್ಬ ಅಡುಗೆಯಾಕೆಗೆ ತಮ್ಮ ಕೋಣೆಯ ಒರಗು ಕುರ್ಚಿಯನ್ನೇ ಕಳಿಸಿಕೊಟ್ಟು, ಎರಡು ತಿಂಗಳು ಸ್ಟೂಲಿನ ಮೇಲೆ ಕೂತು ರೋಗಿಗಳನ್ನು ನೋಡಿದರು. ಅಂಗಿ ತೊಡಿಸುವಾಗ ಹೊಲಿಗೆ ಬಿದ್ದ ಕೈಯ ತೋಳು ಮೊದಲು, ಬಿಚ್ಚುವಾಗ ಅದು ಕೊನೆಗೆ ಎಂಬುದನ್ನು ಪ್ರತಿಯೊಬ್ಬರ ಮನೆಯವರಿಗೂ ತಾವೇ ನಿಂತು ಕಲಿಸುತ್ತಿದ್ದರು. ದೇವರ ಮೇಲೆ ಭಾರ ಹಾಕಿ ಕೂರುವವರಲ್ಲ ಅವರು. ಹೊಲಿಯುವವರೆಗೆ ನನ್ನದು, ಕೂಡಿಸುವುದು ಅವನದು ಎನ್ನುತ್ತಿದ್ದರು.

ಹನ್ನೊಂದು ವರ್ಷಗಳ ಹಿಂದೆ ಆ ಕಟಿಂಗ್ ಅಂಗಡಿಯವರು ಬಂದರು. ಮೂವತ್ತು ವರ್ಷ ಬೇರೆಯವರ ತಲೆಯ ಎತ್ತರಕ್ಕೆ ಕೈ ಎತ್ತಿಹಿಡಿದು ಸವೆದ ಬಲಹೆಗಲು. ಬಾಯಿ ಮಾತ್ರ ಸವೆದಿರಲಿಲ್ಲ.

“ಡಾಕ್ಟ್ರಮ್ಮ, ದರ್ಜಿ ಹೊಲಿದಿದ್ದು ಒಂದು ಸಲ ಒಗೆದ್ರೆ ಗೊತ್ತಾಗುತ್ತೆ. ನೀವು ಹೊಲಿದಿದ್ದು ಯಾವಾಗ ಗೊತ್ತಾಗುತ್ತೆ?”

“ಆರು ತಿಂಗಳು ಒಗೀದೆ ಇಟ್ಕೊಳ್ಳಿ, ಆಮೇಲೆ ಹೇಳ್ತೀನಿ” ಎಂದು ಅವರೂ ನಕ್ಕರು.

ಆಪರೇಷನ್ ಹೂವೆತ್ತಿದಂತೆ ಆಯಿತು. ನಾಲ್ಕನೆಯ ವಾರ ಆತ ಫೋನು ಮಾಡಿದಾಗ ಡಾಕ್ಟರಮ್ಮನವರು ಒಂದು ಆಪರೇಷನ್ ಮುಗಿಸಿ ಇನ್ನೊಂದಕ್ಕೆ ಕೈ ತೊಳೆಯಲು ಹೊರಟಿದ್ದರು. “ನೋವು ಒಂದ್ ಚೂರೂ ಇಲ್ಲ ಡಾಕ್ಟ್ರಮ್ಮ!” ಎಂದಿತು ಆ ಕಡೆಯ ದನಿ. “ಭೇಷ್! ಬಹಳ ಒಳ್ಳೇದು” ಎಂದು ಇವರು ಫೋನಿಟ್ಟರು.

ಅದಕ್ಕಿಂತ ಹೆಚ್ಚು ಹೇಳಬೇಕಿತ್ತು. ನೋವು ನಾಲ್ಕು ವಾರಕ್ಕೆ ಹೋಗುತ್ತದೆ, ರಜ್ಜು ಮೂಳೆಯನ್ನು ಹಿಡಿಯುವುದಕ್ಕೆ ತಿಂಗಳುಗಳು ಬೇಕು. ಆ ನಡುವಿನ ದಿನಗಳಲ್ಲಿ ಹೊಲಿಗೆಯನ್ನು ಕಾಯುವುದು ಮನುಷ್ಯನ ಹೆದರಿಕೆಯೊಂದೇ. ಅವರ ಒಂದು ಭೇಷ್ ಆ ಹೆದರಿಕೆಯನ್ನು ತೆಗೆದುಬಿಟ್ಟಿತು.

ಆತನ ತಂದೆ ಹಾಸಿಗೆ ಹಿಡಿದಿದ್ದರು. ಮಗನಿಗೆ ಕತ್ತರಿ ಹಿಡಿಯಲು ಕಲಿಸಿದ ಮುದುಕ. ಬೇರೆಯವರ ಕೈ ಮುಖಕ್ಕೆ ಬೇಡವೆಂದು ತಿಂಗಳಿಂದ ಗಡ್ಡ ಬಿಟ್ಟಿದ್ದರು. ಅಂದೇ ಸಂಜೆ ಮಗ ಜೋಳಿಗೆಪಟ್ಟಿ ಬಿಚ್ಚಿಟ್ಟು, ಬಿಸಿನೀರು ತಂದು, ಒಂದು ಗೀರೂ ಬೀಳದಂತೆ ನುಣ್ಣಗೆ ಕ್ಷೌರ ಮಾಡಿದರು. ಅದರಿಂದ ಏನೂ ಆಗಲಿಲ್ಲ. ಮುಖ ಒರೆಸುವಾಗ ತಂದೆ ದಿಂಬಿನಿಂದ ಜಾರಿದರು. ಮಗ ಬಲಗೈ ಚಾಚಿ ಹಿಡಿದುಕೊಂಡರು. ಹಳೆಯ ಬಟ್ಟೆ ಹರಿದಂಥ ಸದ್ದು ಇಬ್ಬರಿಗೂ ಕೇಳಿಸಿತಂತೆ.

ಡಾಕ್ಟರಮ್ಮನವರು ಮತ್ತೆ ಹೆಗಲು ತೆರೆದರು. ರಜ್ಜುವಿನ ಅಂಚು ನೆನೆದ ಕಾಗದವಾಗಿತ್ತು. ಹಾಕಿದ ಹೊಲಿಗೆಯೆಲ್ಲ ಬೆಣ್ಣೆಯಲ್ಲಿ ದಾರ ಎಳೆದಂತೆ ಕೊಯ್ದುಕೊಂಡು ಈಚೆ ಬಂತು. ಎರಡು ಗಂಟೆ ಹೆಣಗಾಡಿ, ಮೂಳೆಯವರೆಗೆ ಎಳೆದು ತರಲಾಗದೆ, ಹಾಗೆಯೇ ಮುಚ್ಚಿದರು. ಹೇಳುವ ಕೆಲಸವನ್ನು ಕಿರಿಯರಿಗೆ ಬಿಡದೆ ತಾವೇ ಹೋಗಿ ಮಂಚದ ಪಕ್ಕ ಕೂತರು.

“ಕೂಡಲಿಲ್ಲ. ಇನ್ನು ಕೂಡಲ್ಲ.”

“ನಿಮ್ದೇನು ತಪ್ಪು ಡಾಕ್ಟ್ರಮ್ಮ, ಪಟ್ಟಿ ಬಿಚ್ಚಿದ್ದು ನಾನು.”

“ಬಿಚ್ಚಬೇಡಿ ಅಂತ ಆವತ್ತು ಹೇಳದೆ ಇದ್ದೋಳು ನಾನು.”

ಆತ ಸುಲಭಕ್ಕೆ ಸೋಲಲಿಲ್ಲ. ಒಂದೂವರೆ ವರ್ಷ ಗೋಡೆಯ ಮೇಲೆ ಬೆರಳು ನಡೆಸುವ ವ್ಯಾಯಾಮ ಮಾಡಿದರು. ಕೈ ಬಾಯಿಯವರೆಗೆ ಬಂತು, ಮೇಲೇರಲಿಲ್ಲ. ಗಿರಾಕಿಯ ತಲೆ ತಗ್ಗಲೆಂದು ಅಂಗಡಿಯ ಕುರ್ಚಿಯ ಕಾಲುಗಳನ್ನೇ ನಾಲ್ಕು ಬೆರಳಿನಷ್ಟು ಕೊಯ್ಯಿಸಿದರು. “ಈಗ ದೊಡ್ಡವರೂ ನನ್ನ ಮುಂದೆ ತಗ್ಗಿ ಕೂರ್ತಾರೆ” ಎಂದು ತಮಾಷೆ ಮಾಡಿದರೂ, ಎರಡು ತಲೆ ಮುಗಿಯುವಷ್ಟರಲ್ಲಿ ಕೈ ಜೋತುಬೀಳುತ್ತಿತ್ತು. ಗಿರಾಕಿಗಳು ಮನಸ್ಸು ನೋಯಿಸದೆ, ಒಬ್ಬೊಬ್ಬರಾಗಿ ಬೇರೆ ಅಂಗಡಿ ಹಿಡಿದರು. ಈಗ ಅಲ್ಲಿ ಕತ್ತರಿ ಹಿಡಿಯುವವನು ಆತನ ಭಾಮೈದ. ಇವರು ಬಾಗಿಲ ಬಳಿ ಕೂತು ಬಂದವರನ್ನು ಮಾತಾಡಿಸುತ್ತಾರೆ. ತಂದೆ ಬದುಕಿದ್ದಷ್ಟು ದಿನ ಮತ್ತೆ ಕ್ಷೌರಕ್ಕೆ ಮುಖ ಕೊಡಲಿಲ್ಲ. ಗಡ್ಡದಲ್ಲೇ ಹೋದರು.

ಆ ವರ್ಷದಿಂದ ಡಾಕ್ಟರಮ್ಮನವರು ತಾವು ಹೊಲಿದ ಪ್ರತಿ ಹೆಗಲಿಗೂ ನಾಲ್ಕನೆಯ ವಾರ ತಾವೇ ಫೋನು ಮಾಡತೊಡಗಿದರು. “ನೋವಿಲ್ವಾ? ಹಾಗಾದ್ರೆ ಈಗ ಹೆದರ್ಕೊಳ್ಳಿ.” ಆ ಒಂದು ಮಾತಿನಿಂದ ಉಳಿದ ಕೈಗಳು ನೂರಾರು. ನಾವದನ್ನು ಸಾಧನೆಯೆಂದು ಹೊಗಳಿದರೆ ಅವರ ಮುಖ ಕಪ್ಪಿಡುತ್ತದೆ. “ಒಬ್ಬರ ಕೈ ಕೊಟ್ಟು ಕಲಿತಿದ್ದಪ್ಪ ಅದು” ಎನ್ನುತ್ತಾರೆ. ಪ್ರಾರ್ಥನೆಯಲ್ಲಿ ಆತನ ಹೆಸರು ಹೇಳುವುದನ್ನೂ ಬಿಟ್ಟಿದ್ದಾರೆ. ಆಗದ್ದನ್ನು ಕೇಳಿ ದೇವರನ್ನು ಯಾಕೆ ನಾಚಿಸಲಿ ಎಂಬುದು ಅವರ ಮಾತು.

ಕಳೆದ ವಾರ ಅವರ ಕೊನೆಯ ಹೊರರೋಗಿ ದಿನ. ಸಾಲಿನ ತುದಿಯಲ್ಲಿ ಆತ ಬಂದು ಕೂತಿದ್ದರು. ಪರೀಕ್ಷೆಗೆಂದು ಡಾಕ್ಟರಮ್ಮನವರು ಆ ಬಲಗೈಯನ್ನು ಎರಡೂ ಕೈಯಿಂದ ಎತ್ತಿ ಕಿವಿಯ ಮಟ್ಟಕ್ಕೆ ತಂದರು. ಬೇರೆಯವರು ಎತ್ತಿದರೆ ಅದು ಇಂದಿಗೂ ಸಲೀಸಾಗಿ ಏರುತ್ತದೆ. ಅಲ್ಲಿಗೆ ತಂದು ಬಿಟ್ಟು ನೋಡುವುದು ಪರೀಕ್ಷೆಯ ಕ್ರಮ. ಅವರು ಬಿಡಲಿಲ್ಲ.

“ಬಿಡಿ ಡಾಕ್ಟ್ರಮ್ಮ, ಬೀಳುತ್ತೆ, ಇಬ್ಬರಿಗೂ ಗೊತ್ತಿರೋದೇ.”

“ಇರಲಿ” ಎಂದರು ಅವರು. ನರ್ಸು ಬಾಗಿಲಲ್ಲಿ ನಿಂತು ಕಾದರು. ಬಹಳ ಹೊತ್ತಿನ ಮೇಲೆ ಆ ಕೈಯನ್ನು ನಿಧಾನವಾಗಿ, ನಿದ್ದೆಹೋದ ಮಗುವನ್ನು ಇಳಿಸುವಂತೆ, ಆತನ ತೊಡೆಯ ಮೇಲೆ ಇಳಿಸಿದರು.

ಡಾಕ್ಟರಮ್ಮನವರಿಗೆ ಭಗವಂತ ದೀರ್ಘಾಯುಷ್ಯವನ್ನೂ ಗಟ್ಟಿ ಆರೋಗ್ಯವನ್ನೂ ದಯಪಾಲಿಸಲಿ. ಕಿರಿಯರಿಗೆ ಕಲಿಸುವ ಅವರ ಕಾಯಕ ನಿವೃತ್ತಿಯ ನಂತರವೂ ಅವರ ಕೈಬಿಡದಿರಲಿ. ಅವರ ಮನಸ್ಸಿಗೆ ನೆಮ್ಮದಿಯನ್ನೂ ಬೇಡೋಣವೆಂದುಕೊಂಡೆವು. ಹಾಗೆ ಬೇಡಿದರೆ ಅವರು ಒಪ್ಪುವುದಿಲ್ಲವೆಂದು ಬಲ್ಲೆವಾದ್ದರಿಂದ, ಆ ಸಾಲನ್ನು ಬರೆಯದೆ ಬಿಟ್ಟಿದ್ದೇವೆ.