ನವಾಬರ ಗಜಲಿನಲ್ಲಿ ನಾಕಾರಾ

ಲಖನೌದ ಮೀರ್ ಹಶ್ಮತ್ ಅಲಿ ತನಗೆ ತಾನೇ ಇಟ್ಟುಕೊಂಡ ಕಾವ್ಯನಾಮ ‘ನಾಕಾರಾ’. ಎಂದರೆ ಕೆಲಸಕ್ಕೆ ಬಾರದವನು. ಹೆಂಡತಿ ದುರ್ದಾನಾಗೆ ಆ ಹೆಸರಿನ ಮೇಲೆ ಯಾವ ತಕರಾರೂ ಇರಲಿಲ್ಲ.

ನವಾಬ್ ಫರ್ಖಂದಾ ಯಾರ್ ಖಾನರು ಅವನ ಶಿಷ್ಯರು, ಕಾವ್ಯನಾಮ ‘ಸರ್ತಾಜ್’, ಅಂದರೆ ತಲೆಯ ಕಿರೀಟ. ಹವೇಲಿಯ ಹಿತ್ತಿಲಿನ ಎರಡು ಕೋಣೆಯಲ್ಲಿ ಮೀರನ ಸಂಸಾರ ಇದ್ದದ್ದೂ ಅವರ ದಯೆಯಿಂದಲೇ. ಶಿಷ್ಯರ ಗಜಲನ್ನು ಗುರು ತಿದ್ದುತ್ತಾನೆಂದು ಊರೇ ಬಲ್ಲದು. ಇಡೀ ಗಜಲನ್ನೇ ಬರೆದುಕೊಡುತ್ತಾನೆಂದು ಬಲ್ಲವಳು ದುರ್ದಾನಾ ಒಬ್ಬಳೇ. ಅನುಮಾನವಿದ್ದವನು ಎದುರಾಳಿ ಕವಿ ತಫಜ್ಜುಲ್ ಮಿರ್ಜಾ.

ಒಂದು ಸಂಜೆ ಹವೇಲಿಯ ಮುಶಾಯಿರಾದಲ್ಲಿ, ಎಂದರೆ ಕವಿಗೋಷ್ಠಿಯಲ್ಲಿ, ಓದುವ ಸರದಿಯವರ ಮುಂದೆ ಇಡುವ ಮೇಣದ ದೀಪ ಕವಿಯಿಂದ ಕವಿಗೆ ಸರಿಯುತ್ತ ನವಾಬರ ಮುಂದೆ ಬಂತು. ಬಿದಿರು ಪರದೆಯ ಹಿಂದೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ದುರ್ದಾನಾಗೆ ಮೊದಲ ಸಾಲು ಕೇಳುತ್ತಲೇ ಗುರುತು ಸಿಕ್ಕಿತು. ತೊಟ್ಟಿಲು ತೂಗುತ್ತ ಗಂಡ ಗುನುಗಿದ್ದ ಗಜಲು ಇದೇ. ಕೊನೆಯ ದ್ವಿಪದಿಯಲ್ಲಿ ಕವಿಯ ಹೆಸರು ಬರಬೇಕಲ್ಲ, ಅಲ್ಲಿ ಅವನು ಅಭ್ಯಾಸಬಲದಿಂದ ತನ್ನದನ್ನೇ ಸೇರಿಸಿದ್ದ!

ಗುಟ್ಟು ಬಯಲಾದರೆ ಎರಡು ಕೋಣೆಯೂ ಹೋದಂತೆಯೇ. ಈ ಚಳಿಯಲ್ಲಿ ಮಗುವನ್ನು ಎತ್ತಿಕೊಂಡು ಎಲ್ಲಿಗೆ ಹೋಗುವುದು? ಅದು ಅತ್ತರೆ ಕೊನೆಯ ಸಾಲು ಮುಳುಗೀತೆಂದು ಮೆಲ್ಲಗೆ ಚಿವುಟಿದಳು. ದಿನವೂ ಕಾರಣವಿಲ್ಲದೆ ಸೂರು ಹಾರಿಹೋಗುವಂತೆ ಅಳುವ ಕೂಸು ಅವಳನ್ನೇ ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಿತು.

ನವಾಬರು ಕಂಚಿನ ಕಂಠದಲ್ಲಿ ಓದಿಯೇಬಿಟ್ಟರು: ಅವಳ ಬೀದಿಯ ಧೂಳೂ ಕೆಲಸಕ್ಕೆ ಬಂತು, ನಾಕಾರಾ, ನೀನೊಬ್ಬ ಉಳಿದೆ.

ಸಭೆಯ ತಲೆಗಳೆಲ್ಲ ಮೀರನತ್ತ ತಿರುಗಿದವು. ನವಾಬರ ಕಿವಿ ಕೆಂಪಾಯಿತು.

ಮಿರ್ಜಾ ಗಡ್ಡ ನೀವಿಕೊಂಡ. “ಹುಜೂರ್, ಗಜಲು ಬಹಳ ಚೆನ್ನಾಗಿದೆ. ಯಾರದ್ದು ಅಂತ ಕೇಳಬಹುದಾ?”

ಮೀರ್ ಎದ್ದು ನೆಲ ಮುಟ್ಟುವಂತೆ ಸಲಾಮು ಮಾಡಿದ. “ಯಾರದ್ದು ಅಂತೀರಲ್ಲ ಮಿರ್ಜಾ ಸಾಹೇಬ್ರೇ! ಗುರುವನ್ನ ತಮ್ಮ ಸಾಲಲ್ಲೇ ಕೂರಿಸ್ಕೊಳ್ಳೋ ಶಿಷ್ಯರನ್ನ ನೀವೆಲ್ಲಾದ್ರೂ ಕಂಡಿದ್ದೀರಾ? ನಿಮ್ಮ ಶಿಷ್ಯರು ಎದುರಿಗೆ ಸಿಕ್ಕಿದ್ರೆ ಗಲ್ಲಿ ಬದಲಾಯಿಸ್ತಾರೆ.”

ಸಭೆ ಗೊಳ್ಳೆಂದಿತು. ದೀಪ ತನ್ನ ಮುಂದೆ ಬಂದಾಗ ಮೀರ್ ತನ್ನ ಗಜಲಿನ ಕೊನೆಯನ್ನು ನಿಂತ ನಿಲುವಿನಲ್ಲೇ ತಿರುಗಿಸಿದ: ಧೂಳಾದರೇನು ನಾನು, ಸರ್ತಾಜ್ ನಡೆವ ದಾರಿಯ ಧೂಳು. ವಾಹ್ ವಾಹ್‌ನಲ್ಲಿ ಮಿರ್ಜಾನ ಮಾತು ಅಡಗಿಹೋಯಿತು. ದುರ್ದಾನಾ ಮಗುವನ್ನು ಚಿವುಟಿದ ಜಾಗಕ್ಕೆ ಮುತ್ತಿಟ್ಟಳು.

ನವಾಬರಿಗೆ ಪ್ರಾಣ ಮರಳಿ ಬಂತು. ಬಂದದ್ದು ಸ್ವಲ್ಪ ಹೆಚ್ಚೇ ಆಯಿತು. ಇನ್ನು ಮೇಲೆ ಪ್ರತಿ ಮುಶಾಯಿರಾದಲ್ಲೂ ಒಬ್ಬೊಬ್ಬ ಕವಿಯನ್ನು ತಮ್ಮ ಗಜಲಿನಲ್ಲಿ ಹೀಗೇ ಗೌರವಿಸುವುದಾಗಿ ಸಾರಿದರು. ಮುಂದಿನ ಸರದಿ ತಫಜ್ಜುಲ್ ಮಿರ್ಜಾರದು.

ಮರುದಿನ ಬೆಳಗಿನಿಂದ ಮೀರ್ ಲೇಖನಿ ಕಚ್ಚುತ್ತ ಕೂತಿದ್ದ. ಎದುರಾಳಿಯ ಹೆಸರು ಬಂದಲ್ಲೆಲ್ಲ ಕೈ ತಾನಾಗಿ ಬೈಗುಳವನ್ನೇ ಬರೆಯುತ್ತಿತ್ತು.

ತೊಟ್ಟಿಲು ತೂಗುತ್ತಿದ್ದ ದುರ್ದಾನಾ ಹೇಳಿದಳು, “ಇನ್ನೊಂಚೂರು ಹೊಗಳಿ, ಪಾಪ. ಮತ್ತೆ ಕೇಳಿ, ಕೊನೇ ಸಾಲು ನನ್ನ ಮುಂದೆ ಓದಿದ್ಮೇಲೇ ಕಾಗದ ಹೊಸಿಲು ದಾಟೋದು. ಈ ಕೂಸನ್ನ ನಂಬ್ಕೊಂಡು ನಾನು ಇನ್ನೊಂದ್ಸಲ ಅಲ್ಲಿ ಕೂರಲ್ಲ.”