ಭಾವನ ಅಂಗಳ, ಮಗಳ ಉಸಿರು

ಮೊದಲು ಕೇಳಿದ್ದು ಸೀಟಿಯಂಥ ಸದ್ದು.

ಬೆಳಿಗ್ಗೆ ಸಾನ್ವಿಗೆ ಜಡೆ ಹಾಕುತ್ತಿದ್ದೆ. ಎರಡನೇ ಕ್ಲಾಸಿನ ನನ್ನ ಮಗಳು ಬಾಯಿ ಮುಚ್ಚಿ ಕೂತವಳಲ್ಲ. ಆವತ್ತು ಸುಮ್ಮನಿದ್ದಳು. ಉಸಿರು ಎಳೆದಾಗಲೆಲ್ಲ ಬೆನ್ನಿನೊಳಗೆ ಸಣ್ಣಗೆ ಕೀಂಯ್ ಎನ್ನುತ್ತಿತ್ತು. ಮಳೆಗಾಲದ ಶೀತ ಅಂದುಕೊಂಡೆ. ಕಷಾಯ ಕುಡಿಸಿ, ಶಾಲೆಗೆ ರಜೆ ಹಾಕಿಸಿ, ಅವಳ ಹಾಸಿಗೆಯಲ್ಲೇ ಮಲಗಿಸಿದೆ. ಹಾಸಿಗೆ ಇದ್ದದ್ದು ಆ ಗೋಡೆಗೆ ತಾಗಿಕೊಂಡು.

ಆ ಗೋಡೆಯ ವಿಷಯ ಹೇಳಲೇಬೇಕು. ತೆಕ್ಕಟ್ಟೆಯಲ್ಲಿ ನಮ್ಮದು ಕೆಂಪುಕಲ್ಲಿನ ಹಳೆ ಮನೆ. ಪಕ್ಕದ ಹೊಸ ಮನೆ ನನ್ನ ಗಂಡನ ಅಣ್ಣನದು. ಮುಂಬೈಯ ಹೋಟೆಲನ್ನು ಮಗನಿಗೆ ವಹಿಸಿ ಬಂದು ಭಾವ ಕಟ್ಟಿಸಿದ್ದು. ಎರಡು ಮನೆಗಳ ನಡುವೆ ಮಳೆನೀರು ಹರಿಯುವ ಕಣಿ ಇತ್ತು. ಪ್ರತಿವರ್ಷ ಮಳೆ ಹಿಡಿಯುವ ಮೊದಲು ಎರಡೂ ಮನೆಯವರು ಇಳಿದು ಕಣಿಯ ಹೂಳೆತ್ತಿ, ನಮ್ಮ ಗೋಡೆಗೆ ಮಳೆ ಬಡಿಯದಂತೆ ತೆಂಗಿನ ಮಡಲಿನ ತಟ್ಟಿ ಕಟ್ಟಿ, ಒಟ್ಟಿಗೆ ಕೂತು ಅವಲಕ್ಕಿ ತಿನ್ನುವುದು ರೂಢಿ. ಈ ಸಲ ಭಾವ ಅಂಗಳಕ್ಕೆ ಮಣ್ಣು ತುಂಬಿಸಿ ಇಂಟರ್‌ಲಾಕ್ ಕಲ್ಲು ಹಾಕಿಸಿದರು. ಕಾರು ತಿರುಗಿಸಲು ಜಾಗ ಬೇಕೆಂದು ಕಣಿಯನ್ನೂ ಮುಚ್ಚಿಸಿದರು. ತಟ್ಟಿ ಕಟ್ಟಲು ಹೋದರೆ, ಚಂದ ಕಾಣುವುದಿಲ್ಲ ಎಂದು ತಡೆದರು.

"ನೀರ್ ಎಲ್ ಹೋಯ್ಕ್ ಭಾವ?" ಎಂದು ಕೇಳಿದ್ದೆ.

"ಭೂಮಿ ಇತ್ತಲ್ದಾ ಸುಜಾತಾ, ಇಂಗತ್ತ್," ಎಂದರು.

ಇಂಗಿತು. ನಮ್ಮ ಗೋಡೆಗೆ.

ಆಸಾಡಿ ತಿಂಗಳ ಹೊತ್ತಿಗೆ ಗೋಡೆಯ ಪಸೆ ಸೊಂಟದೆತ್ತರಕ್ಕೆ ಏರಿತ್ತು. ಸುಣ್ಣ ಹಪ್ಪಳದ ಹಾಗೆ ಎದ್ದು ಉದುರುತ್ತಿತ್ತು. ಮಂಚದ ಹಿಂದೆಲ್ಲ ಕಪ್ಪು ಬೂಸಲು. ನಾನು ಹೊಲಿಯಲು ತಂದ ರವಿಕೆ ಬಟ್ಟೆಗೂ ಅದೇ ವಾಸನೆ. ಅಣ್ಣನ ಎದುರು ಬಾಯಿ ಬಾರದ ನನ್ನ ಗಂಡ ಗೋಡೆಗೆ ಮತ್ತೆ ಮತ್ತೆ ಸುಣ್ಣ ಬಳಿದರು, ಅಷ್ಟೇ.

ಕಷಾಯ ಕುಡಿಸಿ ಮಲಗಿಸಿದ ಆ ದಿನ ಮಧ್ಯಾಹ್ನ ಸಾನ್ವಿ ಎದ್ದು ಕೂತಳು. "ಅಮ್ಮ, ಉಸ್ರ್ ಬತ್ತಿಲ್ಲೆ."

ರಿಕ್ಷಾದಲ್ಲಿ ಕುಂದಾಪುರ ಮುಟ್ಟುವಷ್ಟರಲ್ಲಿ ಅವಳ ತುಟಿ ನೀಲಿಯಾಗಿತ್ತು. ಆಕ್ಸಿಜನ್. ನೆಬ್ಯುಲೈಜರ್. ಎಕ್ಸ್‌ರೇ. ಪಕ್ಕೆಲುಬುಗಳು ಒಳಕ್ಕೆ ಹೋಗಿ ಹೊರಕ್ಕೆ ಬರುವುದನ್ನೇ ನೋಡುತ್ತ ನಿಂತೆ. ಬೇರೆ ಏನೂ ಕಾಣಿಸಲಿಲ್ಲ.

ಅವಳ ಉಸಿರು ಸ್ವಲ್ಪ ಹದಕ್ಕೆ ಬಂದ ಮೇಲೆ ಡಾಕ್ಟರು ಕೇಳಿದರು, "ಮನೆಯಲ್ಲಿ ಗೋಡೆ ಚಂಡಿ ಉಂಟಾ? ಒದ್ದೆ, ಪಸೆ?"

ಎಲ್ಲ ಹೇಳಿದೆ.

"ಇದು ಅಸ್ತಮಾ. ಆ ಫಂಗಸ್ ಇವಳಿಗೆ ಆಗುವುದಿಲ್ಲ. ಇನ್‌ಹೇಲರ್ ಕೊಡ್ತೇನೆ. ಆದರೆ ಗೋಡೆ ಒಣಗುವವರೆಗೆ ಆ ಮನೆಯಲ್ಲಿ ಇವಳನ್ನು ಮಲಗಿಸಬೇಡಿ. ಮಲಗಿಸಿದರೆ ಮತ್ತೆ ಇಲ್ಲಿಗೇ ಬರ್ತೀರಿ."

ವಾರ್ಡಿನಲ್ಲಿ ಮಗಳ ಮುಖಕ್ಕೆ ಮಾಸ್ಕ್ ಹಿಡಿದುಕೊಂಡೇ ಭಾವನಿಗೆ ಶಾಪ ಹಾಕಿದೆ. ಅವರ ಬಿಳಿ ಗೋಡೆಗಳೆಲ್ಲ ಕೊಳೆಯಲಿ, ಕಾರು ಅದೇ ಅಂಗಳದಲ್ಲಿ ಹೂತುಹೋಗಲಿ, ಒಂದು ಸಲ ಅವರಿಗೂ ಹೀಗೆ ಉಸಿರು ಕಟ್ಟಲಿ ಎಂದುಕೊಂಡೆ. ಕಾಯಿಲೆ ಮನುಷ್ಯರನ್ನು ಮೆತ್ತಗೆ ಮಾಡುತ್ತದೆ ಅನ್ನುತ್ತಾರೆ. ನನ್ನನ್ನು ಮಾಡಲಿಲ್ಲ, ಅದಕ್ಕೆ ನನಗೆ ಬೇಸರವೂ ಇಲ್ಲ.

ಭಾವ ಸೇಬು ಹಿಡಿದುಕೊಂಡು ನೋಡಲು ಬಂದರು. ಸುತ್ತ ನೆಂಟರಿದ್ದರು. ಎಲ್ಲರಿಗೂ ಕೇಳುವ ಹಾಗೆ, "ಎಂತ ಬೇಕಾರೂ ಕೇಣ್ ಸುಜಾತಾ. ನಮ್ಮನಿ ನಿಮ್ದೇ ಅಲ್ದಾ," ಎಂದರು.

ಬಂದು ಹೋಗುವವರು ಹೇಳುವ ಮಾತು ಅದು. ಯಾರೂ ಅದನ್ನು ನಿಜವೆಂದು ಹಿಡಿಯುವುದಿಲ್ಲ. ನಾನು ಹಿಡಿದೆ.

ಡಿಸ್ಚಾರ್ಜ್ ಆದ ದಿನ ರಿಕ್ಷಾವನ್ನು ಸೀದಾ ಭಾವನ ಗೇಟಿನೊಳಗೆ ಬಿಡಿಸಿದೆ. "ಆ ಮನಿಗ್ ಹೋಪುಕಾಗ ಅಂದಿರ್ ಡಾಕ್ಟ್ರ್. ಮನಿ ನಿಮ್ದೇ ಅಂತ ನೀವೇ ಹೇಳಿದ್ರಿ ಅಲ್ದಾ ಭಾವ." ಗಂಡ ನೆಲ ನೋಡುತ್ತಿದ್ದರು. ಭಾವ ಬಾಯಿ ತೆರೆಯುವ ಮೊದಲೇ ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುವ ಓರಗಿತ್ತಿ, ಮಹಡಿಯ ಎಸಿ ರೂಮಿನ ಬೀಗದಕೈ ತಂದು ನನ್ನ ಕೈಗಿಟ್ಟರು. ಮುಂಬೈ ನೆಂಟರಿಗೆಂದೇ ಮುಚ್ಚಿಟ್ಟಿದ್ದ ರೂಮು ಅದು.

ಮರುದಿನವೇ ಹೊಲಿಗೆ ಮೆಷಿನ್ ಅವರ ಚಾವಡಿಗೆ ಬಂತು. ರವಿಕೆ ಹೊಲಿಸಲು ಬಂದವರು ಅವರ ಸೋಫಾದಲ್ಲಿ ಕೂತು, "ಇಲ್ಲೆಂತಕೆ?" ಎಂದು ಕೇಳುತ್ತಿದ್ದರು. ಒಬ್ಬರನ್ನೂ ಬಿಡದೆ, ಕಣಿಯಿಂದ ಶುರುಮಾಡಿ ಹೇಳಿದೆ. ಬಿಸಿಲು ಕಂಡರೆ ಸಾಕು, ಬೂಸಲು ಹಿಡಿದ ಹಾಸಿಗೆಯನ್ನು ಅವರ ಇಂಟರ್‌ಲಾಕಿನ ನಡುಮಧ್ಯ, ದಾರಿಗೆ ಕಾಣುವಂತೆ ಹರವುತ್ತಿದ್ದೆ. ಕಾರು ಹೊರಗೆ ನಿಲ್ಲುತ್ತಿತ್ತು. ನನಗೆ ಬಹಳ ಖುಷಿಯಾಗುತ್ತಿತ್ತು.

ಚೌತಿಗೆ ಮುಂಬೈಯಿಂದ ಮಗ, ಸೊಸೆ ಬರುವವರಿದ್ದರು. ಅದಕ್ಕೆ ಮೊದಲು ಭಾವ ತಾವೇ ಆಳು ಕರೆಸಿ ಇಂಟರ್‌ಲಾಕ್ ಕೀಳಿಸಿ ಕಣಿ ಬಿಡಿಸಿದರು. ಆಮೇಲೆ ನಮ್ಮ ಮನೆಯ ಕಡೆ ಕೈ ತೋರಿಸಿ, "ಇನ್ ಹೋಯ್ಲಕ್ಕಲ್ದಾ?" ಎಂದು ಕೇಳಿದರು.

"ಗೋಡಿ ಒಣಗ್ಲಿ ಭಾವ," ಎಂದೆ. ಮಗ, ಸೊಸೆ ಕೆಳಗಿನ ಕೋಣೆಯಲ್ಲಿ ಮಲಗಿ ಹೋದರು.

ಈಗ ದೀಪಾವಳಿ ಕಳೆದಿದೆ. ಸಾನ್ವಿ ಬೆಳಿಗ್ಗೆ, ಸಂಜೆ ಇನ್‌ಹೇಲರ್ ಎಳೆಯುತ್ತಾಳೆ. ಜಡೆ ಹಾಕುವಾಗ ಅವಳ ಬೆನ್ನಿಗೆ ಕಿವಿ ಕೊಡುತ್ತೇನೆ, ಸೀಟಿ ಇಲ್ಲ. ಮುಂದಿನ ಮಳೆಗಾಲದ ಹೆದರಿಕೆ ಇದ್ದೇ ಇದೆ. ಡಾಕ್ಟರ ಋಣ ನನ್ನ ಮೇಲಿದೆ, ಅಕ್ಕನದೂ ಇದೆ. ಭಾವನದು ಇಲ್ಲ.

ದಿನವೂ ನಮ್ಮ ಮನೆಗೆ ಹೋಗಿ ಗೋಡೆಗೆ ಅಂಗೈ ಒತ್ತಿ ನೋಡುತ್ತೇನೆ. ಇಂದು ತಣ್ಣಗೂ ಇರಲಿಲ್ಲ, ಕೈಗೆ ಏನೂ ಅಂಟಲಿಲ್ಲ. ಹೊರಗೆ ಬಂದಾಗ ಭಾವ ತಮ್ಮ ಜಗಲಿಯಲ್ಲಿ ನಿಂತು ಕಾಯುತ್ತಿದ್ದರು.

"ಗೋಡಿ ಹ್ಯಾಂಗಿತ್ತ್?"

"ಇನ್ನೂ ಚಂಡಿ ಇತ್ತ್ ಭಾವ," ಎಂದೆ.