ಕ್ಯಾಚ್ ಅಪ್ ಮಾಡೋದು ತುಂಬಾ ಇದೆ

ಜಯನಗರ ನಾಲ್ಕನೇ ಬ್ಲಾಕಿನ ಒಂದು ಡಿಟಿಪಿ ಅಂಗಡಿಯಲ್ಲಿ ನಾನೂ ನನ್ನ ಗೆಳತಿಯೂ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂತು ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆವು. ಇಬ್ಬರದೂ ಕನ್ನಡ ಮೀಡಿಯಂ. ಅವಳು ಸದ್ದಿಲ್ಲದೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದಳು. ಆರು ತಿಂಗಳಿಗೆ ಬಿಟಿಎಂ ಕಡೆಯ ಒಂದು ಆಫೀಸಿನಲ್ಲಿ ರಿಸೆಪ್ಷನಿಸ್ಟ್ ಆದಳು. ಸ್ವೀಟ್ ಬಾಕ್ಸ್ ಹಿಡಿದು ಅಂಗಡಿಗೆ ಬಂದಾಗ ಎಲ್ಲರೂ ಎರಡೆರಡು ತಿಂದರು. ನಾನು ಹಲ್ಲುನೋವು ಎಂದೆ. ನೋಯುತ್ತಿದ್ದದ್ದು ಹಲ್ಲಲ್ಲ, ಹೊಟ್ಟೆ ಉರಿಯುತ್ತಿತ್ತು.

ಎರಡು ತಿಂಗಳು ಅವಳ ಸುದ್ದಿಯೇ ಇಲ್ಲ. ಆಮೇಲೆ ಒಂದು ದಿನ ಅಂಗಡಿಗೆ ಫೋನು ಬಂತು.

"ಶನಿವಾರ ಸಿಗೋಣ ಕಣೇ. ಕ್ಯಾಚ್ ಅಪ್ ಮಾಡೋದು ತುಂಬಾ ಇದೆ."

ಫೋನಿಟ್ಟವಳೇ ಅಂಗಡಿಯ ನಿಘಂಟು ತೆಗೆದೆ. ಕ್ಯಾಚ್ ಗೊತ್ತು, ಅಪ್ಪೂ ಗೊತ್ತು, ಎರಡೂ ಸೇರಿದರೆ ಏನೋ. ಹಿಂದೆ ಬಿದ್ದವರು ಮುಂದಿರುವವರನ್ನು ಸರಿಗಟ್ಟುವುದು ಎಂದಿತ್ತು. ಹಿಂದೆ ಬಿದ್ದವರು ಯಾರು? ನಾನೇ ತಾನೆ! ಅದೂ 'ತುಂಬಾ ಇದೆ'ಯಂತೆ. ಮೈಯೆಲ್ಲ ಉರಿದುಹೋಯಿತು. ಮುಖಕ್ಕೆ ಹೇಳಿಯೇ ಬರೋಣ ಎಂದು ಹೋದೆ.

ಕಾಂಪ್ಲೆಕ್ಸ್ ಹತ್ತಿರದ ದರ್ಶಿನಿಯಲ್ಲಿ ಅವಳು ನಮ್ಮ ಹಳೇ ಲೆಕ್ಕದ ಬೈಟು ಕಾಫಿ ತೆಗೆದುಕೊಂಡು ನಿಂತಿದ್ದಳು. ಹೊಸ ಚೂಡಿದಾರ, ಭುಜದವರೆಗೆ ಕತ್ತರಿಸಿದ ಕೂದಲು. ಚೆನ್ನಾಗಿ ಬೇರೆ ಕಾಣುತ್ತಿದ್ದಳು.

"ನಿನ್ನ ಸಮಕ್ಕೆ ಓಡ್ಬೇಕು ಅನ್ನೋ ದರ್ದು ನಂಗಿಲ್ಲ" ಎಂದೆ.

ಅವಳು ಕಣ್ಣು ಕಣ್ಣು ಬಿಟ್ಟಳು. ನಿಘಂಟಿನ ವಿಷಯ ಹೇಳಿದೆ.

"ಅಯ್ಯೋ ಹುಚ್ಚಿ! ಬಹಳ ದಿನ ಆದ್ಮೇಲೆ ಸಿಕ್ಕಿ ಹರಟೆ ಹೊಡೆಯೋದಕ್ಕೂ ಹಂಗೇ ಅಂತಾರೆ. ನಮ್ಮಿಬ್ರ ಮಾತು ಎಷ್ಟೊಂದು ಉಳ್ಕೊಂಡಿದೆ ಅಂದೆ, ಅಷ್ಟೇ."

ನಾನು ಕರಗಬೇಕಿತ್ತು. ಈ ಅರ್ಥವೂ ಅವಳಿಗೇ ಮೊದಲು ಗೊತ್ತಾಯಿತಲ್ಲ ಎಂದು ಇನ್ನಷ್ಟು ಉರಿಯಿತು.

ಅವಳು ಕಾಫಿ ಊದುತ್ತ ಕೇಳಿದಳು: "ನನ್ನ ಕುರ್ಚೀಲಿ ಈಗ ಯಾರು ಕೂರ್ತಾರೆ?"

"ಹೊಸ ಹುಡುಗಿ ಬಂದಿದಾಳೆ. ಸಖತ್ ಒಳ್ಳೆಯವಳು. ದಿನಾ ಇಬ್ರದೂ ಒಟ್ಟಿಗೇ ಊಟ."

ಅವಳ ಮುಖ ಸಣ್ಣಗಾಯಿತು. "ಹೌದಾ" ಎಂದು ಲೋಟದೊಳಗೆ ನೋಡಿದಳು. ಆಮೇಲೆ ಮಾತು ಬೆಳೆಯಲಿಲ್ಲ. ಬಸ್ಸು ಬಂತು, ಹತ್ತಿ ಹೋದಳು.

ಮತ್ತೆ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಗೆದ್ದವಳು ನಾನು, ನಾನ್ಯಾಕೆ ಮಾಡಲಿ?

ಸೋಮವಾರ ಅಂಗಡಿಗೆ ಹೋಗಿ, ದಿನವೂ ಇಡುವ ಹಾಗೆ ಅವಳ ಕುರ್ಚಿಯ ಮೇಲೆ ನನ್ನ ಬ್ಯಾಗು, ಊಟದ ಡಬ್ಬಿ ಇಟ್ಟೆ. ಹೊಸ ಹುಡುಗಿ ಯಾರೂ ಬಂದಿರಲಿಲ್ಲ. ಬಂದಿದ್ದರೂ ಅಲ್ಲಿ ಕೂರಲು ಬಿಡುತ್ತಿರಲಿಲ್ಲ.